ಹಾಡಿನ ಅಡಿಯಲ್ಲಿ ಉಳಿದ ಮಾತು

ಕಳೆದ ವಾರ ವೈಟ್‌ಫೀಲ್ಡಿನಿಂದ ಬಂದ ಪಾರ್ಸೆಲ್ ಬಿಚ್ಚಿದಾಗ ಮೊದಲು ಮೂಗಿಗೆ ಬಡಿದದ್ದು ಮುಗ್ಗಲು ವಾಸನೆ. ಅದು ನನಗೆ ಹೊಸದಲ್ಲ. ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಶುಚಿ ಮಾಡಿ ಕಂಪ್ಯೂಟರಿಗೆ ಇಳಿಸಿಕೊಡುವುದೇ ನನ್ನ ಕೆಲಸ. ಬೆಳಗಾದರೆ ಆ ವಾಸನೆಯ ಜೊತೆಗೇ ನನ್ನ ಕಾಫಿ. ಜನ ಕ್ಯಾಸೆಟ್ಟನ್ನು ಮಂಚದ ಕೆಳಗೋ ಸಜ್ಜೆಯ ಮೇಲೋ ಎಸೆದು ಮೂವತ್ತು ವರ್ಷ ಮರೆತಿರುತ್ತಾರೆ. ಒಂದು ದಿನ ನೆನಪಾದ ಕೂಡಲೇ, ನಾಳೆಯೇ ಬೇಕು ಎಂದು ನನ್ನ ತಲೆಯ ಮೇಲೆ ಕೂರುತ್ತಾರೆ. ಬಾಗಲಗುಂಟೆಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಂಥವರ ಮದುವೆ, ನಾಮಕರಣ, ಗೃಹಪ್ರವೇಶಗಳು ಗೋಡೆಯುದ್ದಕ್ಕೂ ಪೇರಿಸಿಕೊಂಡಿವೆ.

ಆದರೆ ಈ ಕ್ಯಾಸೆಟ್ಟಿನ ಡಬ್ಬಿಯಲ್ಲಿ ಮುಗ್ಗಲಿನ ಹಿಂದೆಯೇ ಇನ್ನೊಂದು ವಾಸನೆ ಇತ್ತು. ಮೂಲೆಯಲ್ಲಿ ಒಂದು ಲವಂಗ ಬಿದ್ದಿತ್ತು. ಒಣಗಿ ಕಡ್ಡಿಯಾಗಿತ್ತು. ಮೂಗಿನ ಹತ್ತಿರ ಹಿಡಿದರೆ ಮಾತ್ರ ಅದು ಇನ್ನೂ ಲವಂಗವೇ... ಲೇಬಲ್ಲಿನ ಅಕ್ಷರ ಮಾಸಿಹೋಗಿತ್ತು, ಓದುವ ಅಗತ್ಯವೂ ಇರಲಿಲ್ಲ. ಇದು ನಮ್ಮ ವಿಡಿಯೋ ಅಣ್ಣ ತೆಗೆದ ಮದುವೆ.

ರಾಜಗೋಪಾಲನಗರದ ವಠಾರದಲ್ಲಿ ನಮ್ಮದು ಎರಡನೇ ಮನೆ, ಅವರದು ಐದನೆಯದು. ವಾರವೆಲ್ಲ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಲ್ಲುತ್ತಿದ್ದರು. ಭಾನುವಾರಗಳಲ್ಲಿ, ಮುಹೂರ್ತವಿದ್ದ ದಿನಗಳಲ್ಲಿ ಮದುವೆಯ ವಿಡಿಯೋ ತೆಗೆಯುತ್ತಿದ್ದರು. ಮುಹೂರ್ತ ನೋಡಿಕೊಂಡು ಶಿಫ್ಟ್ ಬದಲಾಯಿಸಿಕೊಳ್ಳುತ್ತಿದ್ದ ಅವರನ್ನು ಫ್ಯಾಕ್ಟರಿಯಲ್ಲಿ ಪಂಚಾಂಗ ಎಂದೇ ಕರೆಯುತ್ತಿದ್ದರಂತೆ. ಯಾವುದೋ ದೊಡ್ಡ ಸ್ಟುಡಿಯೋದಿಂದ ಸೆಕೆಂಡ್ ಹ್ಯಾಂಡ್‌ಗೆ ಕೊಂಡ ಭಾರಿ ಕ್ಯಾಮೆರಾ ಅವರದು, ಹೆಗಲ ಮೇಲೆ ಹೊರುವಂಥದ್ದು. ಮನೆಯಲ್ಲಿ ಅದನ್ನು ಹಳೇ ಶಾಲಿನಲ್ಲಿ ಸುತ್ತಿ, ಬೀರುವಿನೊಳಗೆ ರೇಷ್ಮೆ ಸೀರೆಗಳ ಪಕ್ಕ ಇಡುತ್ತಿದ್ದರು.

ಬೇರೆ ವಿಡಿಯೋದವರು ಲೈಟ್ ಹಿಡಿಯಲು ಆಳು ಇಟ್ಟುಕೊಳ್ಳುತ್ತಿದ್ದರು. ಇವರಿಗೆ ಲೈಟ್ ಹಿಡಿಯುತ್ತಿದ್ದದ್ದು ಇವರ ಹೆಂಡತಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಕೆಂಡದಂತೆ ಕಾಯುವ ಲೈಟು, ಎಡಗೈಯಲ್ಲಿ ವೈರಿನ ಸುರುಳಿ ಹಿಡಿದು ಅವರು ಗಂಡನ ಪಕ್ಕ ಅಂಟಿಕೊಂಡೇ ನಡೆಯುತ್ತಿದ್ದರು. ನಾವೆಲ್ಲ ಅವರನ್ನು ಲೈಟಕ್ಕ ಎನ್ನುತ್ತಿದ್ದೆವು. ಮೊದಮೊದಲು ಮದುವೆಗೆ ಬಂದ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಆಮೇಲೆ, ಯಾರೋ ಗಂಡಸು ಮುಖದ ಮೇಲೆ ಬೆಳಕು ಬಿಡುವುದಕ್ಕಿಂತ ಇದೇ ವಾಸಿ ಎಂದುಕೊಂಡರು. ಕ್ಯಾಸೆಟ್ ಡಬ್ಬಿಗೆ ಒಂದೊಂದು ಲವಂಗ ಹಾಕುತ್ತಿದ್ದವರು ಇದೇ ಲೈಟಕ್ಕ. ಹುಳ ಬರಲ್ಲ ಎನ್ನುತ್ತಿದ್ದರು. ಬೂಷ್ಟಿಗೆ ಲವಂಗದ ಭಯವಿಲ್ಲ ಎಂಬುದು ನನಗೆ ಈ ಕೆಲಸಕ್ಕೆ ಬಂದ ಮೇಲೆ ಗೊತ್ತಾಯಿತು. ಪಾಪ, ಹುಳವಂತೂ ಒಂದೂ ಬಂದಿಲ್ಲ.

ವಿಡಿಯೋ ಅಣ್ಣನ ಹೆಮ್ಮೆ ಎಂದರೆ ಹಾಡು. ಅವರು ತೆಗೆದ ಮದುವೆಯಲ್ಲಿ ಮೊದಲಿಂದ ಕೊನೆಯವರೆಗೂ ಸಿನಿಮಾ ಹಾಡು ಬಿಟ್ಟರೆ ಬೇರೆ ಸದ್ದೇ ಇರುತ್ತಿರಲಿಲ್ಲ. ಆಗ ಎಲ್ಲರೂ ಮಾಡುತ್ತಿದ್ದದ್ದೂ ಹಾಗೇ. ಅಡುಗೆಯವರ ಕೂಗಾಟ, ಮಕ್ಕಳ ಅಳು, ಇದನ್ನೆಲ್ಲ ಯಾರು ಕೇಳ್ತಾರೆ ಎಂಬುದು ಅವರ ವಾದ. ಅರಿಶಿನಕ್ಕೆ ಒಂದು ಹಾಡು, ಧಾರೆಗೆ ಒಂದು, ಊಟದ ಪಂಕ್ತಿಗೆ ಕುಣಿತದ್ದೊಂದು. ಹೆಣ್ಣೊಪ್ಪಿಸುವಾಗ ಕಡ್ಡಾಯವಾಗಿ ಅಳುವ ಹಾಡು, ಹುಡುಗಿ ಅಳಲಿ ಬಿಡಲಿ. ಅನುಕೂಲಸ್ಥರ ಮದುವೆಯಾದರೆ ತೆಗೆದದ್ದನ್ನು ಕತ್ತರಿಸಿ, ಚೆಂದ ಮಾಡಿ, ಹಾಡು ಸೇರಿಸಿ ಹೊಸ ಕ್ಯಾಸೆಟ್ಟಿಗೆ ಕಾಪಿ ಮಾಡಿಕೊಡುತ್ತಿದ್ದರು, ಮೂಲ ಟೇಪನ್ನು ಅಳಿಸಿ ಮುಂದಿನ ಮದುವೆಗೆ ಬಳಸುತ್ತಿದ್ದರು. ನಮ್ಮಂಥ ಫ್ಯಾಕ್ಟರಿ ಜನಕ್ಕೆ ಆ ಭಾಗ್ಯವಿರಲಿಲ್ಲ, ಒಂದೇ ಕ್ಯಾಸೆಟ್ಟು. ಕ್ಯಾಮೆರಾದಲ್ಲೇ ಇದ್ದ ಒಂದು ಗುಂಡಿ ಒತ್ತಿ, ತೆಗೆದದ್ದರ ಮೇಲೆಯೇ ಟೇಪ್ ರೆಕಾರ್ಡರಿನಿಂದ ಹಾಡು ತುಂಬಿ ಕೈಗೆ ಕೊಟ್ಟುಬಿಡುತ್ತಿದ್ದರು.

ನನ್ನ ಮದುವೆಯದೂ ಅಂಥ ಒಂಟಿ ಕ್ಯಾಸೆಟ್ಟು. ದೇವಸ್ಥಾನದಲ್ಲಿ ಧಾರೆ, ವಠಾರದ ಅಂಗಳದಲ್ಲಿ ಊಟ. ಹಿಂದಿನ ದಿನ ಅರಿಶಿನ ಹಚ್ಚುವಾಗ ಮಾಗಡಿ ಕಡೆಯ ಊರಿಂದ ಬಂದಿದ್ದ ನನ್ನ ಅಜ್ಜಿ ಸೋಬಾನೆ ಹೇಳಿದ್ದಳು. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಹಾಡಿನ ನಡುವೆ ಒಂದು ಕಡೆ ಅವ್ವನ ಹೆಸರನ್ನೂ ಸೇರಿಸಿ ಹೇಳಿದಳು ಎಂದು ನನ್ನ ನೆನಪು... ತಲೆ ಬಗ್ಗಿಸಿಕೊಂಡು ಕೂತಿದ್ದೆ, ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ. ಮದುವೆಯ ಹೊಸತರಲ್ಲಿ ವಿಡಿಯೋ ನೋಡಿದಾಗ ಹಾಡುಗಳಿಗೆ ನಕ್ಕು ಸುಮ್ಮನಾಗಿದ್ದೆ. ವರ್ಷ ತುಂಬುವುದರೊಳಗೆ ಅಜ್ಜಿ ಹೋದಳು. ತಿಥಿ ಮುಗಿಸಿ ಬಂದವಳು ಮತ್ತೆ ಆ ಕ್ಯಾಸೆಟ್ಟು ಹಾಕಿಸಿದೆ. ಪರದೆಯ ಮೇಲೆ ಅಜ್ಜಿಯ ತುಟಿ ಆಡುತ್ತಿತ್ತು, ಹಾಡುತ್ತಿದ್ದದ್ದು ಯಾವುದೋ ಪ್ರೇಮಿಗಳ ಜೋಡಿ.

ಓಡಿಹೋಗಿ ವಿಡಿಯೋ ಅಣ್ಣನನ್ನು ಕೇಳಿದೆ, ಅಜ್ಜಿಯ ದನಿ ಬೇರೆ ಕಡೆ ಎಲ್ಲಾದರೂ ಇದೆಯೇ ಎಂದು. ಇಲ್ಲ ಎಂದರು. ಅದರ ಮೇಲೇ ಹಾಡು ತುಂಬಿದ್ದರಿಂದ ಅಳಿಸಿಹೋಗಿದೆ ಎಂದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಈಗಲೂ ಆಡಿಕೊಳ್ಳುತ್ತಾರೆ. ಅವತ್ತು ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರೆಲ್ಲ ಕೇಳಿಸಿಕೊಳ್ಳುವ ಹಾಗೆ, ನಮ್ಮಜ್ಜಿಯ ಬಾಯಿಗೆ ಬಟ್ಟೆ ತುರುಕಿಬಿಟ್ಟಿರಿ ಎಂದೆ. ಅವರು ತಲೆ ಎತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಲೈಟಕ್ಕ ಏನೋ ಹೇಳಲು ಬಂದು ಸುಮ್ಮನಾದರು. ಆಮೇಲೆ ಎಷ್ಟೋ ವರ್ಷ ನಾನು ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ. ಒಂದೇ ವಠಾರದಲ್ಲಿ ಹಾಗೆ ಇರುವುದು ಬಲು ಕಷ್ಟದ ಕೆಲಸ, ಅದನ್ನೂ ಹಟದಿಂದ ಮಾಡಿದೆ.

ನಾವು ಬಾಗಲಗುಂಟೆಗೆ ಮನೆ ಬದಲಾಯಿಸಿದ ಮೇಲೆ ಲೈಟಕ್ಕ ಹೋದರು. ಜ್ವರ ಎಂದು ಮಲಗಿದವರು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಸಾವಿನ ಮನೆಯಲ್ಲಿ ಯಾರ ಮೇಲೆ ಕೋಪ ಮಾಡಿಕೊಳ್ಳುವುದು? ಆವತ್ತಿನಿಂದ ವಾರಕ್ಕೊಮ್ಮೆ ಸಾರು, ಪಲ್ಯ ತೆಗೆದುಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ. ಹಾಗೆ ಹೋದ ಒಂದು ದಿನ ವಿಡಿಯೋ ಅಣ್ಣ ಟಿ.ವಿ. ಮುಂದೆ ಕೂತು, ಪೂರ್ತಿ ಸದ್ದು ತೆಗೆದು ಯಾರದೋ ಮದುವೆ ನೋಡುತ್ತಿದ್ದರು. ಹೆಂಡತಿ ಯಾವುದಾದರೂ ಮೂಲೆಯಲ್ಲಿ ಕಾಣಬಹುದೇ ಎಂದು ಹುಡುಕುತ್ತಿದ್ದರಂತೆ. ಲೈಟ್ ಹಿಡಿದವರು ಲೈಟಿನ ಮುಂದೆ ಹೇಗೆ ಬರುತ್ತಾರೆ? ಅವರ ಹತ್ತಿರ ಲೈಟಕ್ಕನದೆಂದು ಇದ್ದದ್ದು ಎರಡು ಫೋಟೋ, ಅಷ್ಟೇ. ಮುಖ ಹೇಗೋ ನೆನಪಿದೆ, ದನಿ ದಿನದಿನಕ್ಕೂ ಮರೆಯುತ್ತಿದೆ ಎಂದರು. ಬೆಳಿಗ್ಗೆ ಎದ್ದು, ರೀ ಎಂದು ಹೆಂಡತಿ ಕರೆಯುತ್ತಿದ್ದದ್ದನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳಲು ನೋಡುತ್ತಾರಂತೆ. ಬರುವುದೇ ಇಲ್ಲವಂತೆ...

ಆ ದಿನವೇ ಇನ್ನೊಂದು ಸಂಗತಿಯನ್ನೂ ಹೇಳಿದರು. ಹಾಡು ತುಂಬುವುದು ಬೇಡ ಎಂದು ಲೈಟಕ್ಕ ಮೊದಲಿಂದಲೂ ಹೇಳುತ್ತಿದ್ದರಂತೆ. ಜನ ಮಾತಾಡಿದ್ದು ಹಾಗೇ ಇರಲಿ, ಮುಂದೆ ಬೇಕಾಗುತ್ತೆ ಎಂದಿದ್ದರಂತೆ. ನಿನಗೇನು ಗೊತ್ತು, ನೀನು ಲೈಟ್ ಹಿಡಿ ಎಂದು ಇವರು ಬಾಯಿ ಮುಚ್ಚಿಸಿದ್ದರು.

"ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಂಗಾಯ್ತು ನನ್ನ ಕತೆ. ಇಡೀ ರಾಜಗೋಪಾಲನಗರದ ದನಿ ಅಳಿಸಿದೀನಿ ಕಣಮ್ಮ. ಅದರ ಜೊತೆಗೆ ಅವಳದೂ ಹೋಯ್ತು."

ನಲ್ಲಿಯ ಹತ್ತಿರ ಆಡಿದ ಮಾತು ನನಗೇ ಚುಚ್ಚಿತು.

ಅದೇ ಸುಮಾರಿಗೆ ನಾನು ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದ ಫ್ಯಾಕ್ಟರಿ ಬೇರೆ ಊರಿಗೆ ಹೋಯಿತು, ನಾನು ಮನೆಯಲ್ಲಿ ಕೂತೆ. ವಿಡಿಯೋ ಅಣ್ಣ ಒಂದು ಆಟೋದಲ್ಲಿ ತಮ್ಮ ಎರಡು ಪ್ಲೇಯರುಗಳನ್ನು ಹಾಕಿಕೊಂಡು ಬಂದರು. ಬೆಸುಗೆ ಬರುವ ಕೈಗೆ ಇದೂ ಬರುತ್ತದೆ, ಜನ ಹಳೇ ಕ್ಯಾಸೆಟ್ಟು ಹಿಡಿದು ಅಲೆಯುತ್ತಿದ್ದಾರೆ, ಶುರು ಮಾಡು ಎಂದರು. ಕ್ಯಾಸೆಟ್ಟಿನ ಬೆನ್ನಿನ ಐದು ಸ್ಕ್ರೂ ಬಿಚ್ಚುವುದು, ಒಳಗಿನ ಸ್ಪ್ರಿಂಗು ಕಣ್ಣಿಗೆ ಹಾರದಂತೆ ಹೆಬ್ಬೆರಳಿನಿಂದ ಒತ್ತಿಕೊಳ್ಳುವುದು, ಬೂಷ್ಟು ಹಿಡಿದ ಟೇಪನ್ನು ಕೈಯಲ್ಲೇ ಸುತ್ತುತ್ತಾ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯ ನಡುವೆ ಹಾಯಿಸುವುದು, ಎಲ್ಲವನ್ನೂ ಪಕ್ಕದಲ್ಲಿ ಕೂತು ಕಲಿಸಿದರು. ನಾನು ಅವಸರ ಮಾಡಿದರೆ ರೇಗುತ್ತಿರಲಿಲ್ಲ, ಕೈ ಹಿಡಿದು ನಿಲ್ಲಿಸುತ್ತಿದ್ದರು. ಟೇಪು ಹರಿದರೆ ಹರಿದದ್ದು ಪ್ಲಾಸ್ಟಿಕ್ ಅಲ್ಲ, ಯಾರದೋ ಮನೆಯ ಒಂದು ನಿಮಿಷ ಎನ್ನುತ್ತಿದ್ದರು. ದನಿಯನ್ನು ಅಳಿಸಿದವರು ಚಿತ್ರವನ್ನಾದರೂ ಉಳಿಸೋಣ ಎಂದು ಹೊರಟಿದ್ದಾರೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಎರಡು ವರ್ಷ ಕಳೆದಿರಬೇಕು. ಗಿರಾಕಿಯಾಗಿ ಬಂದ ಮೇಡಂ ಒಬ್ಬರು, ಕೆಲಸ ಮುಗಿದ ಮೇಲೆ ತಮ್ಮ ಪ್ಲೇಯರನ್ನೂ ನನಗೇ ಬಿಟ್ಟುಹೋದರು. ಹೊರದೇಶದ ಒಳ್ಳೆಯ ಜಾತಿಯ ಯಂತ್ರ. ಬೇರೆಯವರ ಕ್ಯಾಸೆಟ್ಟು ಹಾಕಿ ಪರೀಕ್ಷೆ ಮಾಡಿದರೆ ಎಲ್ಲಿ ಟೇಪು ತಿಂದುಬಿಡುತ್ತದೋ ಎಂದು, ಹೋದರೆ ನನ್ನದೇ ಹೋಗಲಿ ಎಂದುಕೊಂಡು ನನ್ನ ಮದುವೆಯ ಕ್ಯಾಸೆಟ್ಟು ಹಾಕಿದೆ. ಭಾನುವಾರ ಬೆಳಿಗ್ಗೆ. ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು.

ಅರಿಶಿನದ ಜಾಗ ಬಂತು. ಪ್ರೇಮಿಗಳ ಹಾಡು ಬರಲಿಲ್ಲ. ಪಾತ್ರೆಯ ಸದ್ದು, ಗಜಿಬಿಜಿ, ಯಾರೋ ನೀರು ಕೇಳಿದ್ದು. ಬೇರೆ ಕ್ಯಾಸೆಟ್ಟು ಹಾಕಿದೆನೇ ಎಂದು ನೋಡಿದರೆ ಪರದೆಯ ಮೇಲೆ ನಾನೇ ಇದ್ದೆ. ಅಷ್ಟರಲ್ಲಿ ಅಜ್ಜಿ ಸೋಬಾನೆ ಎತ್ತಿಕೊಂಡಳು... ಕುಕ್ಕರ್ ಆರಿಸಲು ಹೋಗಲಿಲ್ಲ. ಅನ್ನ ತಳ ಹಿಡಿಯಿತು.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಕೆಲವು ಕ್ಯಾಮೆರಾಗಳು ದನಿಯನ್ನು ಎರಡು ಕಡೆ ಬರೆಯುತ್ತವೆ, ಟೇಪಿನ ಅಂಚಿನಲ್ಲಿ ಒಮ್ಮೆ, ಚಿತ್ರದ ಅಡಿಯಲ್ಲಿ ಇನ್ನೊಮ್ಮೆ. ಹಾಡು ತುಂಬುವ ಗುಂಡಿ ಅಳಿಸುವುದು ಅಂಚಿನದನ್ನು ಮಾತ್ರ. ಹಳೇ ಸೀರೆಗೆ ಬೇರೆ ಅಂಚು ಹೊಲಿದರೂ ಒಡಲು ಹಾಗೇ ಇರುತ್ತದಲ್ಲ, ಹಾಗೆ. ನಮ್ಮ ಮನೆಗಳಲ್ಲಿದ್ದ ಸಾಮಾನ್ಯ ಪ್ಲೇಯರುಗಳು ಅಂಚನ್ನು ಮಾತ್ರ ಓದುತ್ತಿದ್ದವು, ಮೇಡಂ ಬಿಟ್ಟುಹೋದದ್ದು ಅಡಿಯದನ್ನು ಓದಿತು. ವಿಡಿಯೋ ಅಣ್ಣನ ಆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಇಂಥದ್ದೆಂದು ಅವರಿಗೇ ಗೊತ್ತಿರಲಿಲ್ಲ.

ಅಜ್ಜಿಯ ದನಿಗಿಂತ ಮೊದಲು ಇನ್ನೊಂದು ದನಿ ಇತ್ತು. ಎರಡನೇ ಸಲ ಹಾಕಿದಾಗ ಅದನ್ನು ಗಮನಿಸಿದೆ. ಕ್ಯಾಮೆರಾಗೆ ತೀರ ಹತ್ತಿರದ್ದು, ಹೆಂಗಸಿನ ಪಿಸುದನಿ. ಕೇಳಿದ ಕೂಡಲೇ ಫೋನ್ ಮಾಡಿದೆ. ವಿಷಯ ಹೇಳಲು ಧೈರ್ಯ ಬರಲಿಲ್ಲ. ಒಂದು ಪ್ಲೇಯರ್ ಕೈಕೊಟ್ಟಿದೆ, ಬನ್ನಿ ಅಣ್ಣ ಎಂದು ಸುಳ್ಳು ಹೇಳಿದೆ. ಅವರು ಸ್ಕ್ರೂಡ್ರೈವರ್ ಸಮೇತ ಬಂದರು. ಕೂರಿಸಿ, ನೀರು ಕೊಟ್ಟು, ಗುಂಡಿ ಒತ್ತಿದೆ.

ಆ ಜಾಗದಲ್ಲಿ ಚಿತ್ರ ಒಮ್ಮೆ ಕತ್ತಲಾಗುತ್ತದೆ. ಬೆಳಕು ನನ್ನ ಮುಖ ಬಿಟ್ಟು ಎಡಕ್ಕೆ ಹೋಗುತ್ತದೆ, ಒಂದು ಕ್ಷಣದ ನಂತರ ಕ್ಯಾಮೆರಾ ಅದರ ಹಿಂದೆ ಹೋಗುತ್ತದೆ. ಅದನ್ನು ಎಷ್ಟೋ ಸಲ ನೋಡಿದ್ದೆ, ತೆಗೆಯುವಾಗ ಆದ ತಪ್ಪು ಎಂದುಕೊಂಡಿದ್ದೆ. ಈಗ ಆ ಕತ್ತಲಲ್ಲಿ ಮಾತು ಕೇಳಿಸಿತು.

"ರೀ, ಆ ಕಡೆ. ಅಜ್ಜಿ ಹಾಡ್ತಾರಂತೆ, ಅವರ್ನ ತೆಗೀರಿ."

ವಿಡಿಯೋ ಅಣ್ಣನ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಅಜ್ಜಿ ಹಾಡಿದಳು. ನಡುವೆ ಅವ್ವನ ಹೆಸರು ಬಂತು, ನನ್ನ ನೆನಪು ಸುಳ್ಳಾಗಿರಲಿಲ್ಲ. ಕೊನೆಗೆ, "ಸಾಕು ಬುಡ್ರವ್ವ, ಉಸ್ರು ಕಟ್ತದೆ" ಎಂದಳು. ಕ್ಯಾಮೆರಾ ಪಕ್ಕದ ದನಿ ಮೆಲ್ಲಗೆ ನಕ್ಕಿತು. ಆಮೇಲೆ ಕೇಳಿತು:

"ಲೈಟ್ ಸುಡ್ತಿದೆ ರೀ, ಆರಿಸ್ಲಾ?"

"ಇರೇ, ಇನ್ನೊಂದ್ ನಿಮಿಷ." ಅದು ಇವರದೇ ದನಿ, ಯೌವನದ್ದು.

ಮೂರು ಸಲ ಹಾಕಿಸಿ ಕೇಳಿದರು. ಅಳಲಿಲ್ಲ. ನಾನೇ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಬಂದಾಗ ಅವರು ಪರದೆಯನ್ನೇ ನೋಡುತ್ತಿದ್ದರು.

"ಇಷ್ಟು ವರ್ಷ ನಾನೇ ತೆಗೀತಿದ್ದೆ ಅಂದ್ಕೊಂಡಿದ್ನಲ್ಲಮ್ಮ... ನೋಡ್ತಿದ್ದೋಳು ಅವಳು. ನಾನು ಬರೀ ಹೆಗಲು ಕೊಟ್ಟಿದ್ದೆ." ಲೋಟ ಕೆಳಗಿಟ್ಟು, "ನಿಮ್ಮಜ್ಜಿ ಚೆನ್ನಾಗಿ ಹೇಳ್ತಾರೆ," ಎಂದರು.

ಹೇಳ್ತಾರೆ ಎಂದರು, ಹೇಳ್ತಿದ್ರು ಎನ್ನಲಿಲ್ಲ. ನನ್ನೊಳಗೆ ಉಳಿದಿದ್ದ ಕೋಪದ ಚೂರುಪಾರು ಆ ಮಾತಿಗೇ ಹೋಯಿತು.

ಆಮೇಲೆ ನಾವಿಬ್ಬರೂ ಅವರ ಮೊಪೆಡ್ಡಿನಲ್ಲಿ ಹಳೇ ವಠಾರಗಳನ್ನು ಸುತ್ತಿದೆವು. ಅನುಕೂಲಸ್ಥರ ಮನೆಗಳಲ್ಲಿ ಕ್ಯಾಸೆಟ್ಟುಗಳು ಬೀರುವಿನಲ್ಲಿ ಭದ್ರವಾಗಿದ್ದವು, ಆದರೆ ಅವು ಕಾಪಿಗಳು. ಅವುಗಳಲ್ಲಿ ಅಂಚಿನಲ್ಲೂ ಹಾಡು, ಅಡಿಯಲ್ಲೂ ಹಾಡು. ಕ್ಯಾಮೆರಾದಿಂದ ನೇರ ಬಂದ ಟೇಪು ಇದ್ದದ್ದು ಒಂಟಿ ಕ್ಯಾಸೆಟ್ಟಿನ ನಮ್ಮಂಥವರ ಹತ್ತಿರ ಮಾತ್ರ. ಅಂಥವರೋ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುತ್ತಾ ಅರ್ಧ ಸಾಮಾನು ಕಳೆದುಕೊಂಡವರು. ಒಂದು ಮನೆಯ ತಾರಸಿಯಲ್ಲಿ ಪಾರಿವಾಳ ಬರದಿರಲೆಂದು ಟೇಪನ್ನು ಬಿಚ್ಚಿ ಹಗ್ಗದಂತೆ ಉದ್ದಕ್ಕೂ ಕಟ್ಟಿದ್ದರು. ಗಾಳಿಗೆ ಹೊಳೆಯುತ್ತಾ ಪಟಪಟ ಎನ್ನುತ್ತಿತ್ತು. ವಿಡಿಯೋ ಅಣ್ಣ ಕತ್ತೆತ್ತಿ ನೋಡುತ್ತಾ ನಿಂತರು. ಆಮೇಲೆ ಮೊಪೆಡ್ ತಿರುಗಿಸಿದರು.

ಒಟ್ಟು ಏಳು ಸಿಕ್ಕವು. ಡಬ್ಬಿಯಲ್ಲಿ ಲವಂಗ ಇದ್ದದ್ದನ್ನು ನೋಡಿಯೇ ಗುರುತು ಹಿಡಿಯುತ್ತಿದ್ದೆವು. ಏಳನ್ನೂ ತೊಳೆದು ಇಳಿಸಿದ ಮೇಲೆ, ಲೈಟಕ್ಕನ ಮಾತುಗಳನ್ನಷ್ಟೇ ಆರಿಸಿ ಒಂದು ಕಡೆ ಜೋಡಿಸಿಕೊಡಲೇ ಎಂದು ಕೇಳಿದೆ. ಬೇಡ ಎಂದರು. ಕತ್ತರಿಸುವ ಕೆಲಸವೇ ಇನ್ನು ಬೇಡ, ಮದುವೆ ನಡೆಯುತ್ತಿರಲಿ, ಅವಳು ಮಧ್ಯೆ ಮಧ್ಯೆ ಮಾತಾಡಲಿ ಎಂದರು. ಕೊನೆಯ ವರ್ಷಗಳಲ್ಲಿ ಅವರು ಮಧ್ಯಾಹ್ನದ ಹೊತ್ತು, ಯಾರ್ಯಾರದೋ ಮದುವೆಗಳನ್ನು ಪೂರ್ತಿ ಕೂತು ನೋಡುತ್ತಿದ್ದರು. ಮೂರು ಗಂಟೆಯ ಮದುವೆಯಲ್ಲಿ ಹೆಂಡತಿಯ ಮಾತು ಬರುವುದು ಹತ್ತೋ ಹನ್ನೆರಡೋ ಸಲ. ಬದುಕಿದ್ದಾಗಲೂ ಅಷ್ಟೇ ಮಾತಾಡ್ತಿದ್ಲು ಎಂದು ನಗುತ್ತಿದ್ದರು.

ಅವರು ಹೋಗಿ ನಾಲ್ಕು ವರ್ಷವಾಯಿತು. ಊರಿಗೆಲ್ಲ ವಿಡಿಯೋ ತೆಗೆದ ಮನುಷ್ಯನದು ಹಾರ ಹಾಕಲು ಒಂದು ನೆಟ್ಟಗಿನ ಫೋಟೋ ಇರಲಿಲ್ಲ. ಫ್ಯಾಕ್ಟರಿಯ ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿದೆವು.

ಕಳೆದ ವಾರ ಬಂದದ್ದು ಎಂಟನೆಯ ಕ್ಯಾಸೆಟ್ಟು. ಮದುಮಗಳಾಗಿದ್ದಾಕೆಯ ಮಗಳು ಈಗ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿದ್ದಾಳೆ, ಕಳಿಸಿದವಳು ಅವಳೇ. ಎರಡು ದಿನ ಬೂಷ್ಟು ತೊಳೆದು, ಆ ಒಳ್ಳೆಯ ಪ್ಲೇಯರಿಗೇ ಹಾಕಿದೆ. ಧಾರೆ ಮುಗಿದು ಹುಡುಗಿ ನಿಂತಿದ್ದಾಗ ಆ ಪಿಸುದನಿ ಬಂತು. "ಹುಡುಗಿಗೆ ಹಸಿವಾಗಿದೆ ರೀ, ಮುಖ ನೋಡಿ. ಸ್ವಲ್ಪ ಹೊತ್ತು ನಿಲ್ಸಿ, ಏನಾದ್ರೂ ತಿನ್ಲಿ." ಚಿತ್ರ ಅಲ್ಲಿಗೆ ನಿಂತು, ಮತ್ತೆ ಶುರುವಾದಾಗ ಹುಡುಗಿ ಬಾಯಿ ಒರೆಸಿಕೊಂಡು ನಗುತ್ತಿದ್ದಳು. ಈ ಮಾತು ನಾನು ಹಿಂದೆ ಕೇಳಿರಲಿಲ್ಲ. ವಿಡಿಯೋ ಅಣ್ಣನೂ ಮತ್ತೆ ಕೇಳಿರಲಿಲ್ಲ. ಕೈ ಅಭ್ಯಾಸಬಲದಿಂದ ಫೋನಿನ ಕಡೆ ಹೋಯಿತು... ಎಂಟನೆಯದು ಸಿಕ್ಕಿತು ಅಣ್ಣ, ಬನ್ನಿ ಎಂದು ಹೇಳಲು ಐದನೇ ಮನೆಯಲ್ಲಿ ಈಗ ಯಾರೂ ಇಲ್ಲ.

ಮಾದರಿಗೆಂದು ಸ್ವಲ್ಪ ಭಾಗ ಕಳಿಸಿದ್ದೆ. ಕ್ಯಾಸೆಟ್ಟು ಕಳಿಸಿದ ಹುಡುಗಿ ಉತ್ತರ ಬರೆದಳು: ಆಂಟಿ, ಕ್ಲಾರಿಟಿ ಸಕ್ಕತ್ತಾಗ್ ಬಂದಿದೆ, ಆದ್ರೆ ಹಿಂದೆ ಯಾರೋ ಇಬ್ರು ಪಿಸಪಿಸ ಅಂತಿರ್ತಾರಲ್ಲ, ಅದನ್ನ ತೆಗೆಯೋಕಾಗುತ್ತಾ? ತೆಗೆಯಬಹುದು, ಈಗ ಅದಕ್ಕೆಲ್ಲ ದಾರಿಯಿದೆ. ಕ್ಯಾಸೆಟ್ಟು ಅವರದು, ಮದುವೆಯೂ ಅವರದು. ಕೇಳಿದ ಹಾಗೆ ತೆಗೆದು ಒಂದು ಮಾಡಿದೆ. ಜೊತೆಗೆ ಏನೂ ತೆಗೆಯದೆ ಇನ್ನೊಂದನ್ನೂ ಇಟ್ಟು, ಆ ಇಬ್ಬರು ಯಾರೆಂದು ಎರಡು ಸಾಲು ಬರೆದು, ನಿಮ್ಮ ತಾಯಿಗೆ ಇದನ್ನೂ ಒಮ್ಮೆ ಕೇಳಿಸಿ ಎಂದೆ. ಅವಳು ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿ ಸುಮ್ಮನಾದಳು. ಕೇಳಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ.

ಕ್ಯಾಸೆಟ್ಟನ್ನು ವಾಪಸು ಕಳಿಸುವ ಮೊದಲು ಕೊನೆಯ ಭಾಗವನ್ನು ಮತ್ತೊಮ್ಮೆ ಹಾಕಿದೆ. ಹೆಣ್ಣೊಪ್ಪಿಸಿ ಎಲ್ಲರೂ ಹೋಗಿದ್ದಾರೆ. ಖಾಲಿ ಮಂಟಪ, ತುಳಿದ ಹೂವು, ಮಡಿಸಿಟ್ಟ ಕುರ್ಚಿಗಳು. ಇಲ್ಲೂ, ಲೈಟ್ ಸುಡ್ತಿದೆ ರೀ, ಆರಿಸ್ಲಾ ಎಂದು ಲೈಟಕ್ಕ ಕೇಳಿದರು. ಇರೇ, ಇನ್ನೊಂದ್ ನಿಮಿಷ ಎಂದರು ವಿಡಿಯೋ ಅಣ್ಣ. ಆ ಖಾಲಿ ಮಂಟಪದಲ್ಲಿ ತೆಗೆಯುವಂಥದ್ದು ಏನೂ ಇರಲಿಲ್ಲ. ಆದರೂ ಲೈಟಕ್ಕ ಸುಡುವ ಲೈಟು ಹಿಡಿದುಕೊಂಡು ಆ ಒಂದು ನಿಮಿಷ ನಿಂತರು. ನಾನೂ ಎದುರಿಗೆ ಕೂತಿದ್ದೆ. ಆಮೇಲೆ ಅವರು ಲೈಟ್ ಆರಿಸಿದರು. ಲವಂಗವನ್ನು ಮತ್ತೆ ಡಬ್ಬಿಯ ಮೂಲೆಗೆ ಹಾಕಿ ಮುಚ್ಚಿದೆ.